ಮಕ್ಕಳಿಗೆ ಡ್ರಿಪ್ ಹಾಕಿದಾಗ: ವಾರ್ಡ್‌ನಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಉತ್ತರ ಕನ್ನಡದ ಕರಾವಳಿಯಲ್ಲಿ, ಬೇರೆ ಬೇರೆ ಆಸ್ಪತ್ರೆಗಳ ಮಕ್ಕಳ ವಾರ್ಡ್‌ನಲ್ಲಿ ಇಪ್ಪತ್ತೆರಡು ವರ್ಷ ನರ್ಸ್ ಆಗಿ ಕೆಲಸ ಮಾಡಿದ್ದೇನೆ. ಕೆಳಗಿನ ಪ್ರಶ್ನೆಗಳಲ್ಲಿ ಹೆಚ್ಚಿನವು ಅಮ್ಮಂದಿರು ಕೇಳಿದ್ದು. ಕೆಲವು ಅಜ್ಜಂದಿರು ಗದರಿ ಕೇಳಿದ್ದು. ಒಂದೆರಡು ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗಿಯರು ನನ್ನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಕೇಳಿದ್ದು. ಇಲ್ಲಿ ಲೆಕ್ಕಗಳಿವೆ ಅಂತ ಯಾರೂ ತಾವೇ ಡ್ರಿಪ್‌ನ ವೇಗ ಬದಲಿಸಲು ಹೋಗಬೇಡಿ. ಆ ಲೆಕ್ಕ ಕೊಟ್ಟಿರುವುದು ನಾವು ಯಾಕೆ ಅಷ್ಟು ಹಟ ಮಾಡುತ್ತೇವೆ ಅಂತ ಗೊತ್ತಾಗಲಿ ಎಂದು.

ಮಗು ಸುಸ್ತಾಗಿದೆ. ಒಂದು ಬಾಟಲಿ ಗ್ಲೂಕೋಸ್ ಹಾಕಿಬಿಡಿ ಸಿಸ್ಟರ್, ಶಕ್ತಿ ಬರ್ತದೆ ಅಲ್ವಾ?

ಅರ್ಧ ಲೀಟರಿನ 5 ಪರ್ಸೆಂಟ್ ಗ್ಲೂಕೋಸ್ ಬಾಟಲಿಯಲ್ಲಿ ಇರುವುದು 25 ಗ್ರಾಂ ಸಕ್ಕರೆ. ಚಹಾದ ಚಮಚದಲ್ಲಿ ಐದಾರು ಚಮಚ. ಒಂದು ದೊಡ್ಡ ಬಾಳೆಹಣ್ಣು ತಿಂದರೂ ಹೆಚ್ಚುಕಡಿಮೆ ಅಷ್ಟೇ ಶಕ್ತಿ. ಬಾಯಲ್ಲಿ ಗಂಜಿ ಕುಡಿಯುವ ಮಗುವಿಗೆ ಇದರಿಂದ ಹೆಚ್ಚಿನದೇನೂ ಸಿಗುವುದಿಲ್ಲ. ಸೂಜಿ ಚುಚ್ಚಿಸಿಕೊಂಡ ನೋವು ಮಾತ್ರ ಪುಕ್ಕಟೆ.

ಡ್ರಿಪ್ ಟಾನಿಕ್ ಅಲ್ಲ. ಅದೂ ಒಂದು ಔಷಧಿ. ಸಿರಪ್‌ಗೆ ಹೇಗೆ ಚಮಚದ ಅಳತೆ ಇರುತ್ತದೋ ಹಾಗೆ ಡ್ರಿಪ್‌ಗೆ ತೊಟ್ಟಿನ ಅಳತೆ.

ಹಾಗಾದರೆ ನಿಜವಾಗಿ ಡ್ರಿಪ್ ಬೇಕಾಗುವುದು ಯಾವಾಗ?

ಕುಡಿದದ್ದೆಲ್ಲ ವಾಂತಿಯಾದಾಗ, ಮಗು ಮಂಕಾಗಿ ಕುಡಿಯಲಾರದೆ ಮಲಗಿದಾಗ, ಉಸಿರಾಟ ಜೋರಾಗಿ ಬಾಯಿಂದ ಕೊಡುವುದೇ ಅಪಾಯವಾದಾಗ, ಆಪರೇಷನ್‌ಗೆ ಮೊದಲು ಮತ್ತು ನಂತರ. ವಾಂತಿ ಭೇದಿಗೆ ಮಾತ್ರ ಬಂದಿದ್ದರೆ ಮೊದಲು ಓಆರ್‌ಎಸ್. ನೀರಿನಂಶ ಸ್ವಲ್ಪ ಕಡಿಮೆಯಾದ ಮಗುವಿಗೆ ನಾಲ್ಕು ತಾಸಿನಲ್ಲಿ ಕೆಜಿಗೆ 75 ಮಿಲಿ ಲೆಕ್ಕ, ಅಂದರೆ 10 ಕೆಜಿ ಮಗುವಿಗೆ 750 ಮಿಲಿ. ಒಂದೇ ಸಲ ಕುಡಿಸಿದರೆ ವಾಂತಿ ಗ್ಯಾರಂಟಿ. ಚಮಚದಲ್ಲಿ ಕೊಡಿ. ವಾಂತಿಯಾದರೆ ಹತ್ತು ನಿಮಿಷ ಬಿಟ್ಟು ಮತ್ತೆ ಚಮಚ ಹಿಡಿಯಿರಿ. ತಾಳ್ಮೆಯ ಕೆಲಸ ಹೌದು. ಆದರೆ ಎಷ್ಟೋ ಮಕ್ಕಳು ಸೂಜಿಯಿಲ್ಲದೆ ಮನೆಗೆ ಹೋಗಿದ್ದು ಆ ಚಮಚದಿಂದಲೇ.

ಅಂಗಡಿಯಲ್ಲಿ ಸಿಗುವ ಬಣ್ಣದ ಸಿಹಿ ಜ್ಯೂಸ್ ಪ್ಯಾಕೆಟ್ ತಂದು "ಇದೂ ಓಆರ್‌ಎಸ್ಸೇ" ಅನ್ನಬೇಡಿ. ಹೆಸರಲ್ಲಿ ಓಆರ್‌ಎಸ್ ಅಂತ ಹಾಕಿಕೊಳ್ಳುವ ಇಂಥ ಪಾನೀಯಗಳಿಗೆ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ 2025ರ ಅಕ್ಟೋಬರ್‌ನಲ್ಲಿ ತಡೆ ಹಾಕಿತು. ಪ್ಯಾಕೆಟ್ ಮೇಲೆ ಬರೆದಷ್ಟು ನೀರಿಗೆ ಕಲಸುವ ಓಆರ್‌ಎಸ್ ಪುಡಿಯೇ ಸರಿಯಾದದ್ದು.

ಮನೆಯಲ್ಲೇ ಎಳನೀರು ಉಂಟು. ಅದನ್ನೇ ಕೊಟ್ಟರೆ ಸಾಲದಾ?

ಕುಡಿಯಲಿ, ಒಳ್ಳೆಯದೇ. ಆದರೆ ಭೇದಿಯಲ್ಲಿ ಮುಖ್ಯವಾಗಿ ಹೋಗುವುದು ಸೋಡಿಯಂ, ಅಂದರೆ ಉಪ್ಪು. ಎಳನೀರಿನಲ್ಲಿ ಅದು ಕಡಿಮೆ, ಪೊಟ್ಯಾಸಿಯಂ ಜಾಸ್ತಿ. ಓಆರ್‌ಎಸ್ ಜೊತೆಗೆ ಎಳನೀರು ಸರಿ. ಓಆರ್‌ಎಸ್ ಬದಲಿಗೆ ಬೇಡ. ಸ್ವಲ್ಪ ಉಪ್ಪು ಹಾಕಿದ ಗಂಜಿ ನೀರು, ಕಾರವಾರದ ಕಡೆಯವರ ಪೇಜ್, ಅದಕ್ಕಿಂತ ಒಂದು ತೂಕ ಮೇಲು ಅನ್ನುವುದು ನನ್ನ ಅಭಿಪ್ರಾಯ.

ದೊಡ್ಡವರಿಗೆ ಹಾಕುವ ಬಾಟಲಿಯೇ ಇದು. ಮಕ್ಕಳಿಗೆ ಅಂದಕೂಡಲೇ ಯಾಕೆ ಇಷ್ಟು ಹೆದರುತ್ತೀರಿ?

ಏಳು ಕೆಜಿಯ ಮಗುವನ್ನು ತೆಗೆದುಕೊಳ್ಳಿ. ಕೆಜಿಗೆ 80 ಮಿಲಿ ಲೆಕ್ಕದಲ್ಲಿ ಅದರ ಮೈಯಲ್ಲಿರುವ ಒಟ್ಟು ರಕ್ತ ಸುಮಾರು 560 ಮಿಲಿ. ಸ್ಟ್ಯಾಂಡಿಗೆ ತೂಗು ಹಾಕಿದ ಬಾಟಲಿ 500 ಮಿಲಿ. ರಾತ್ರಿ ಎಲ್ಲರೂ ಮಲಗಿದಾಗ ಟ್ಯೂಬ್ ಮೇಲೆ ವೇಗ ಹಿಡಿಯುವ ಗಾಲಿ ಸಡಿಲವಾಗಿ ಆ ಬಾಟಲಿ ಪೂರ್ತಿ ಒಳಗೆ ಹೋಯಿತು ಅಂದುಕೊಳ್ಳಿ. ದೊಡ್ಡವರಾದರೆ ಎರಡು ಸಲ ಹೆಚ್ಚು ಮೂತ್ರಕ್ಕೆ ಎದ್ದು ಹೋಗುತ್ತಾರೆ. ಮಗುವಿನ ಶ್ವಾಸಕೋಶದಲ್ಲಿ ನೀರು ತುಂಬುತ್ತದೆ.

ಅದಕ್ಕೇ ಮೊದಲ ಕೆಲಸ ತೂಕ ನೋಡುವುದು. ಅಂದಾಜಿನ ತೂಕ ಅಲ್ಲ, ಹೋದ ತಿಂಗಳಿನದೂ ಅಲ್ಲ. ಸ್ವೆಟರ್ ಬಿಚ್ಚಿ, ಒದ್ದೆ ಡೈಪರ್ ತೆಗೆದು ನೋಡಿದ್ದು. ಮಳೆಗಾಲದಲ್ಲಿ ಎರಡು ಸ್ವೆಟರ್, ಒಂದು ಕಿವಿ ಟೊಪ್ಪಿ, ಮೇಲೊಂದು ಟವೆಲ್ ಸುತ್ತಿಕೊಂಡು ಬಂದ ಮಗುವನ್ನು ಹಾಗೇ ತಕ್ಕಡಿಗೆ ಇಟ್ಟರೆ ಅರ್ಧ ಕೆಜಿ ಸುಳ್ಳು. ಬರುವಾಗ ತಾಯಿ ಕಾರ್ಡ್ ಕೂಡ ತನ್ನಿ. ಹಿಂದಿನ ತೂಕ ಅದರಲ್ಲಿದ್ದರೆ ಎಷ್ಟು ಇಳಿದಿದೆ ಅಂತ ಕೂಡಲೇ ಗೊತ್ತಾಗುತ್ತದೆ.

ದಿನಕ್ಕೆ ಎಷ್ಟು ದ್ರವ ಬೇಕು ಅನ್ನುವ ಲೆಕ್ಕವನ್ನು ಅಮೆರಿಕದ ಹಾಲಿಡೇ ಮತ್ತು ಸೀಗರ್ ಎಂಬ ಇಬ್ಬರು ವೈದ್ಯರು 1957ರಲ್ಲಿ ಬರೆದರು. ನಮ್ಮ ಪಕ್ಕದ ಕ್ಯಾಸನೂರು ಕಾಡಿನಲ್ಲಿ ಮಂಗನ ಕಾಯಿಲೆ ಪತ್ತೆಯಾದದ್ದೂ ಅದೇ ವರ್ಷ, ಹಾಗಾಗಿ ನನಗೆ ಆ ಇಸವಿ ಮರೆಯುವುದಿಲ್ಲ. ಮೊದಲ 10 ಕೆಜಿಗೆ ಕೆಜಿಗೆ 100 ಮಿಲಿ. ಮುಂದಿನ 10 ಕೆಜಿಗೆ 50 ಮಿಲಿ. ಅದರ ಮೇಲೆ 20 ಮಿಲಿ. ಅಂದರೆ 14 ಕೆಜಿ ಮಗುವಿಗೆ 1000 ಮತ್ತು 200 ಸೇರಿ ದಿನಕ್ಕೆ 1200 ಮಿಲಿ, ತಾಸಿಗೆ 50. ಕಾಯಿಲೆ ನೋಡಿಕೊಂಡು ಡಾಕ್ಟರು ಇದನ್ನು ಇಳಿಸುತ್ತಾರೆ. ನ್ಯುಮೋನಿಯಾ, ಮೆದುಳು ಜ್ವರದ ಮಕ್ಕಳ ಮೈ ನೀರನ್ನು ಬಿಟ್ಟುಕೊಡುವುದಿಲ್ಲ, ಅವರಿಗೆ ಎಷ್ಟೋ ಸಲ ಪೂರ್ತಿ ಪ್ರಮಾಣ ಕೊಡುವುದೇ ಇಲ್ಲ. ಹುಟ್ಟಿದ ಶಿಶುಗಳ ಲೆಕ್ಕವೇ ಬೇರೆ.

ಕೊನೇ ಬಸ್ಸು ಆರೂವರೆಗೆ. ಉಳಿದದ್ದು ಸ್ವಲ್ಪ ಜೋರಾಗಿ ಬಿಟ್ಟರೆ ಆಗದಾ?

ಆಗದು. ಈ ಪ್ರಶ್ನೆ ಕೇಳದ ಸಂಜೆಯೇ ಇರಲಿಲ್ಲ. ಕೇಳುವವರ ಕಷ್ಟವೂ ನನಗೆ ಗೊತ್ತು. ಊರಲ್ಲಿ ಹಾಲು ಕರೆಯುವವರಿಲ್ಲ, ಬಸ್ಸು ತಪ್ಪಿದರೆ ರಾತ್ರಿ ವರಾಂಡದಲ್ಲೇ. ಆದರೆ ಬಾಟಲಿ ಖಾಲಿ ಮಾಡಿಯೇ ಹೋಗಬೇಕು ಅನ್ನುವ ನಿಯಮ ಎಲ್ಲೂ ಇಲ್ಲ. ಮಗುವಿಗೆ ಬೇಕಾದಷ್ಟು ಹೋಗಿದ್ದರೆ ಉಳಿದದ್ದನ್ನು ಚೆಲ್ಲುತ್ತೇವೆ. ಬಾಟಲಿಗೆ ದುಡ್ಡು ಕೊಟ್ಟಿದ್ದೇವೆ ಅಂತ ಒಳಗೆ ಇಳಿಸುವುದು ಬೇಡ.

ಪಕ್ಕದ ಮಂಚದ ಮಗುವಿಗೆ ಸುರಿದ ಹಾಗೆ ಬಿಟ್ಟಿದ್ದಾರಲ್ಲ? ನಮಗೆ ಮಾತ್ರ ತೊಟ್ಟು ತೊಟ್ಟು ಯಾಕೆ?

ಆ ಮಗುವಿಗೆ ಭೇದಿಯಾಗಿ ಕಣ್ಣು ಗುಳಿಬಿದ್ದಿರಬಹುದು. ತೀರಾ ನೀರು ಹೋದ, ಒಂದು ವರ್ಷ ದಾಟಿದ ಮಗುವಿಗೆ ವಿಶ್ವ ಆರೋಗ್ಯ ಸಂಸ್ಥೆಯ ಕ್ರಮದಲ್ಲಿ ಅರ್ಧ ತಾಸಿನಲ್ಲಿ ಕೆಜಿಗೆ 30 ಮಿಲಿ, ಆಮೇಲೆ ಎರಡೂವರೆ ತಾಸಿನಲ್ಲಿ 70 ಮಿಲಿ. ಒಂದು ವರ್ಷದ ಒಳಗಿನವರಿಗೆ ಅದೇ ಪ್ರಮಾಣ, ಆದರೆ ಒಂದು ತಾಸು ಮತ್ತು ಐದು ತಾಸು. ಅಲ್ಲಿ ನಿಧಾನ ಮಾಡಿದರೆ ಮಗು ಉಳಿಯದು.

ಆದರೆ ಜ್ವರ ಬಂದು ಕೈಕಾಲು ತಣ್ಣಗಾದ ಮಕ್ಕಳಿಗೆಲ್ಲ ಹಾಗೇ ಸುರಿಯಬಹುದು ಅಂತ ತುಂಬ ವರ್ಷ ನಂಬಿದ್ದರು. 2011ರಲ್ಲಿ ಕೀನ್ಯಾ, ಉಗಾಂಡ, ತಾಂಜಾನಿಯಾಗಳಲ್ಲಿ ಮೂರು ಸಾವಿರಕ್ಕೂ ಹೆಚ್ಚು ಮಕ್ಕಳ ಮೇಲೆ ನಡೆದ ಫೀಸ್ಟ್ ಎಂಬ ಅಧ್ಯಯನ ಪ್ರಕಟವಾಯಿತು. ಬೇಗ ಬೇಗ ದ್ರವ ಕೊಟ್ಟ ಗುಂಪಿನಲ್ಲಿ ನೂರಕ್ಕೆ ಹತ್ತಕ್ಕಿಂತ ಜಾಸ್ತಿ ಮಕ್ಕಳು ಎರಡು ದಿನದೊಳಗೆ ತೀರಿಕೊಂಡಿದ್ದರು. ಹಾಗೆ ಕೊಡದ ಗುಂಪಿನಲ್ಲಿ ಏಳು ಚಿಲ್ಲರೆ. ಭೇದಿಯ ಮಕ್ಕಳು ಆ ಅಧ್ಯಯನದಲ್ಲಿ ಇರಲಿಲ್ಲ ಅನ್ನುವುದನ್ನೂ ಹೇಳಬೇಕು. ಹಾಗಾಗಿ ಪಕ್ಕದ ಮಂಚ ನೋಡಿ ನಮ್ಮ ಮಂಚದ ಲೆಕ್ಕ ಹಾಕಲಾಗದು.

ಬಾಟಲಿ ಕೆಳಗೆ ಗೆರೆ ಹಾಕಿದ ಪ್ಲಾಸ್ಟಿಕ್ ಡಬ್ಬಿ ಇದೆಯಲ್ಲ, ಅದು ಯಾಕೆ?

ಬ್ಯೂರೆಟ್ ಸೆಟ್ ಅನ್ನುತ್ತೇವೆ. ನನ್ನ ಮಟ್ಟಿಗೆ ಮಕ್ಕಳ ವಾರ್ಡ್‌ನಲ್ಲಿ ಇದರಷ್ಟು ಅಗ್ಗದ, ಇದರಷ್ಟು ನಂಬಿಗಸ್ತ ಸಾಮಾನು ಇನ್ನೊಂದಿಲ್ಲ. ಹೆಚ್ಚಾಗಿ 100ರಿಂದ 150 ಮಿಲಿ ಹಿಡಿಯುತ್ತದೆ. ಮೇಲಿನ ಕ್ಲ್ಯಾಂಪ್ ತೆಗೆದು ಒಂದೆರಡು ತಾಸಿಗೆ ಬೇಕಾದಷ್ಟು ಮಾತ್ರ ಇಳಿಸಿಕೊಂಡು ಮತ್ತೆ ಕ್ಲ್ಯಾಂಪ್ ಹಾಕುತ್ತೇವೆ. ತಾಸಿಗೆ 30 ಮಿಲಿ ಹೋಗಬೇಕಾದ ಮಗುವಿಗೆ 60 ಮಿಲಿ. ಕೆಳಗಿನ ಗಾಲಿ ಪೂರ್ತಿ ಬಿಚ್ಚಿಹೋದರೂ ಮಗುವಿಗೆ ಹೋಗುವುದು ಆ 60 ಮಿಲಿ ಮಾತ್ರ, 500 ಅಲ್ಲ.

ಇದರಲ್ಲಿ ಒಂದೇ ಮೋಸ. ಸೋಮಾರಿತನಕ್ಕೆ ಮೇಲಿನ ಕ್ಲ್ಯಾಂಪ್ ತೆರೆದೇ ಬಿಟ್ಟರೆ ಡಬ್ಬಿ ಇದ್ದೂ ಇಲ್ಲದ ಹಾಗೆ. ಹೊಸ ಸಿಸ್ಟರ್‌ಗಳೇ, ರೌಂಡ್ಸ್‌ಗೆ ಹೋದಾಗ ಮೊದಲು ಅಲ್ಲಿಗೇ ಕೈ ಹಾಕಿ. ಮತ್ತೆ, ಬಾಟಲಿಗೆ ಗಾಳಿ ಹೋಗಲಿ ಅಂತ ಬುಡಕ್ಕೆ ಸೂಜಿ ಚುಚ್ಚುವ ಹಳೇ ಚಾಳಿ ಬಿಡಿ. ವಾರ್ಡ್‌ನ ಗಾಳಿ, ಅದರ ಜೊತೆ ಸೋಂಕು, ಎರಡೂ ನೇರ ಒಳಗೆ. ಗಾಳಿಕಿಂಡಿ ಇರುವ ಸೆಟ್ ಕೇಳಿ ತರಿಸಿ.

ಮೈಕ್ರೋ ಸೆಟ್, ಮ್ಯಾಕ್ರೋ ಸೆಟ್ ಅಂತ ಹೇಳುತ್ತೀರಲ್ಲ, ವ್ಯತ್ಯಾಸ ಏನು?

ಮೈಕ್ರೋ ಸೆಟ್‌ನಲ್ಲಿ 60 ತೊಟ್ಟಿಗೆ ಒಂದು ಮಿಲಿ. ಮ್ಯಾಕ್ರೋ ಸೆಟ್‌ನಲ್ಲಿ ಸಾಮಾನ್ಯವಾಗಿ 20 ತೊಟ್ಟಿಗೆ ಒಂದು ಮಿಲಿ. ಮೈಕ್ರೋದ ಚಂದ ಏನೆಂದರೆ ತಾಸಿಗೆ ಎಷ್ಟು ಮಿಲಿಯೋ ನಿಮಿಷಕ್ಕೆ ಅಷ್ಟೇ ತೊಟ್ಟು. ತಾಸಿಗೆ 40 ಮಿಲಿ ಬೇಕಾದರೆ ನಿಮಿಷಕ್ಕೆ 40 ತೊಟ್ಟು. ಹದಿನೈದು ಸೆಕೆಂಡ್ ಗಡಿಯಾರ ನೋಡಿ ಹತ್ತು ತೊಟ್ಟು ಎಣಿಸಿದರೆ ಆಯ್ತು.

ಈಗ ನನ್ನ ತಪ್ಪಿನ ಕಥೆ. ಆಗ ಕೆಲಸಕ್ಕೆ ಸೇರಿ ಎರಡನೇ ವರ್ಷ. ಯಾವ ಆಸ್ಪತ್ರೆ ಅಂತ ಕೇಳಬೇಡಿ. ಜುಲೈ ತಿಂಗಳ ರಾತ್ರಿ, ಹೊರಗೆ ಮಳೆ ಹೊಡೆಯುತ್ತಿತ್ತು, ವಾರ್ಡ್ ತುಂಬ ಮಕ್ಕಳು. ನ್ಯುಮೋನಿಯಾದ 9 ಕೆಜಿ ಗಂಡು ಮಗು. ತಾಸಿಗೆ 36 ಮಿಲಿ ಅಂತ ಬರೆದಿತ್ತು. ಸ್ಟೋರ್‌ನಲ್ಲಿ ಮೈಕ್ರೋ ಸೆಟ್ ಮುಗಿದಿತ್ತು. ಯಾರೋ ಮ್ಯಾಕ್ರೋ ಹಾಕಿ ಹೋಗಿದ್ದರು. ನಾನು ಕವರ್ ನೋಡದೆ, ಅಭ್ಯಾಸಬಲದಿಂದ 36 ತೊಟ್ಟು ಎಣಿಸಿ ಮುಂದಿನ ಮಂಚಕ್ಕೆ ಹೋದೆ. 36 ತೊಟ್ಟು ಸರಿಯಾಗಿಯೇ ಇತ್ತು! ಆದರೆ ಒಂದೊಂದು ತೊಟ್ಟೂ ಮೂರು ಪಟ್ಟು ದೊಡ್ಡದು. ಎರಡು ತಾಸಿಗೆ 72 ಮಿಲಿ ಹೋಗಬೇಕಾದಲ್ಲಿ 216 ಮಿಲಿ ಹೋಗಿತ್ತು. ಅವನ ಅಮ್ಮ ಬಂದು "ಸಿಸ್ಟರ್, ಇವ ಯಾಕೋ ಕುಂಯ್ ಕುಂಯ್ ಅಂತಿದ್ದಾನೆ, ಕಣ್ಣೂ ಬಾತಿದೆ" ಅಂದಾಗಲೇ ನಾನು ಬಾಟಲಿ ಕಡೆ ನೋಡಿದ್ದು. ಡ್ರಿಪ್ ನಿಲ್ಲಿಸಿ ಡಾಕ್ಟರನ್ನು ಎಬ್ಬಿಸಿದೆ. ಮೂತ್ರ ಹೋಗುವ ಇಂಜೆಕ್ಷನ್, ಆಕ್ಸಿಜನ್. ಬೆಳಿಗ್ಗೆ ಐದರ ಹೊತ್ತಿಗೆ ಉಸಿರಾಟ ತಹಬಂದಿಗೆ ಬಂತು. ಆ ಅಮ್ಮನಿಗೆ ನಡೆದದ್ದನ್ನು ನಾನೇ ಹೇಳಿದೆ. ಅವಳು ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು.

ಅಂದಿನಿಂದ ಸೆಟ್‌ನ ಕವರ್ ಎಸೆಯದೆ ಸ್ಟ್ಯಾಂಡಿಗೇ ಅಂಟಿಸುತ್ತಿದ್ದೆ. ಬಾಟಲಿಗೆ ಉದ್ದಕ್ಕೆ ಪ್ಲಾಸ್ಟರ್ ಪಟ್ಟಿ ಹಚ್ಚಿ ಹತ್ತು ಗಂಟೆಗೆ ಇಲ್ಲಿ, ಹನ್ನೊಂದಕ್ಕೆ ಇಲ್ಲಿ ಅಂತ ಗೆರೆ ಎಳೆಯುತ್ತಿದ್ದೆ. ಮಾರ್ಕರ್‌ನಿಂದ ನೇರ ಪ್ಲಾಸ್ಟಿಕ್ ಮೇಲೆ ಬರೆಯಬಾರದು, ಶಾಯಿ ಒಳಗೆ ಇಳಿಯಬಹುದು. ಪಟ್ಟಿಯ ಮೇಲೆ ಬರೆದರೆ ಅಮ್ಮಂದಿರಿಗೂ ಓದಲು ಬರುತ್ತದೆ. ತೊಟ್ಟು ಎಣಿಸುವುದಕ್ಕಿಂತ ಗೆರೆ ನೋಡುವುದು ಹೆಚ್ಚು ಭರವಸೆಯದು.

ಪಂಪ್ ಇದ್ದರೆ ಏನೂ ಚಿಂತೆ ಇಲ್ಲ ಅಲ್ವಾ?

ಚಿಂತೆ ಕಡಿಮೆ, ಇಲ್ಲ ಅಂತಲ್ಲ. ತಾಸಿಗೆ ಇಷ್ಟು ಅಂತ ಅಂಕಿ ಒತ್ತಿದರೆ ಅಷ್ಟು ದ್ರವ ತಳ್ಳುವ ಯಂತ್ರ ಅದು. ಎಳೆ ಶಿಶುಗಳಿಗೆ ಸಿರಿಂಜ್ ಪಂಪ್ ಬೇಕೇ ಬೇಕು. ತಾಸಿಗೆ 4 ಮಿಲಿ ಅಂದರೆ ಅದನ್ನು ಗಾಲಿಯಿಂದ ಹಿಡಿಯಲಾಗದು. ಆದರೆ ಪಂಪ್ ನಾವು ಒತ್ತಿದ ಅಂಕಿಯನ್ನೇ ನಂಬುತ್ತದೆ. ಐದನ್ನು 5.0 ಅಂತ ಬರೆದರೆ ಚುಕ್ಕಿ ಕಾಣದೆ 50 ಆಗುತ್ತದೆ. ಹಾಗಾಗಿ ಬರೀ 5 ಅಂತ ಬರೆಯಿರಿ. ಅರ್ಧಕ್ಕೆ .5 ಅಲ್ಲ, 0.5. ಒಬ್ಬಳು ಒತ್ತಲಿ, ಇನ್ನೊಬ್ಬಳು ಗಟ್ಟಿಯಾಗಿ ಓದಲಿ.

ಇನ್ನೊಂದು ಸಂಗತಿ ಬಹಳ ಜನಕ್ಕೆ ಗೊತ್ತಿಲ್ಲ. ಸೂಜಿ ನರದಿಂದ ಹೊರಬಂದು ದ್ರವ ಮಾಂಸಕ್ಕೆ ಹೋಗುತ್ತಿದ್ದರೂ ಎಷ್ಟೋ ಸಲ ಪಂಪ್ ಕೂಗುವುದಿಲ್ಲ, ತಳ್ಳುತ್ತಲೇ ಇರುತ್ತದೆ. ಕೈ ನೋಡಬೇಕಾದವರು ನಾವೇ. ಟ್ಯೂಬ್ ಮಡಚಿ ಅಲಾರಾಂ ಆದಾಗ ಮಡಿಕೆ ಬಿಡಿಸಿ ಹಾಗೇ ಸ್ಟಾರ್ಟ್ ಒತ್ತಬಾರದು, ಒಳಗೆ ಕಟ್ಟಿಕೊಂಡ ಒತ್ತಡದಿಂದ ಒಂದು ಗುಟುಕು ಒಮ್ಮೆಲೇ ಹೋಗುತ್ತದೆ. ಸಿರಿಂಜ್ ಬದಲಿಸುವ ಮೊದಲು ಮಗುವಿನ ಕಡೆಯ ಕ್ಲ್ಯಾಂಪ್ ಹಾಕಬೇಕು. ಇಲ್ಲದಿದ್ದರೆ ಪಂಪ್ ಎತ್ತರದಲ್ಲಿದ್ದಾಗ ಸಿರಿಂಜ್ ತಾನಾಗಿ ಖಾಲಿಯಾಗುತ್ತದೆ.

ಮತ್ತೆ ಕರೆಂಟು. ನಮ್ಮ ಕಡೆ ಮಳೆಗಾಲದಲ್ಲಿ ಮರ ಬಿದ್ದು ತಂತಿ ಹರಿಯುವುದು ವರ್ಷವೂ ಇದ್ದದ್ದೇ. ಪಂಪ್‌ಗೆ ಬ್ಯಾಟರಿ ಇದೆ, ಅದು ಚಾರ್ಜ್ ಆಗಿದ್ದರೆ. ಮೊಬೈಲ್ ಚಾರ್ಜ್ ಮಾಡಲು ಪಂಪ್‌ನ ಪ್ಲಗ್ ಕಿತ್ತವರನ್ನು ನಾನು ಒಬ್ಬಿಬ್ಬರಲ್ಲ, ಡಜನ್‌ಗಟ್ಟಲೆ ಕಂಡಿದ್ದೇನೆ. ದಯವಿಟ್ಟು ಬೇಡ.

ಟ್ಯೂಬ್‌ನಲ್ಲಿ ಗಾಳಿ ಗುಳ್ಳೆ ಕಾಣ್ತಾ ಇದೆ!

ಸಾಸಿವೆಯಷ್ಟು ಗುಳ್ಳೆಯಿಂದ ಸಾಮಾನ್ಯವಾಗಿ ಏನೂ ಆಗದು. ಹೃದಯದಲ್ಲಿ ತೂತು ಇರುವ ಮಕ್ಕಳು ಮತ್ತು ನವಜಾತ ಶಿಶುಗಳಿಗೆ ಮಾತ್ರ ಅಷ್ಟನ್ನೂ ಬಿಡುವುದಿಲ್ಲ. ಉದ್ದನೆ ಗಾಳಿ ಕಂಡರೆ ಕರೆಯಿರಿ.

ಟ್ಯೂಬ್‌ಗೆ ರಕ್ತ ಬಂದಿದೆ, ಏನು ಮಾಡಲಿ?

ಬಾಟಲಿ ಖಾಲಿಯಾಗಿರಬೇಕು, ಇಲ್ಲವೇ ಮಗುವನ್ನು ಎತ್ತಿಕೊಂಡಾಗ ಬಾಟಲಿ ಕೆಳಗಾಗಿರಬೇಕು. ಹೆದರಬೇಡಿ, ಸಿಸ್ಟರನ್ನು ಕರೆಯಿರಿ. ಬಾಟಲಿ ಎತ್ತರಕ್ಕೆ ಹಿಡಿದಷ್ಟೂ ತೊಟ್ಟು ಜೋರಾಗುತ್ತದೆ ಅನ್ನುವುದೂ ನೆನಪಿರಲಿ. ಟಾಯ್ಲೆಟ್‌ಗೆ ಹೋಗುವಾಗ ಅಪ್ಪ ಬಾಟಲಿಯನ್ನು ದೀಪಸ್ತಂಭದ ಹಾಗೆ ಎತ್ತಿ ಹಿಡಿಯುವುದು ಬೇಡ. ಹೇಳಿದರೆ ನಾವೇ ಸ್ವಲ್ಪ ಹೊತ್ತು ಡ್ರಿಪ್ ನಿಲ್ಲಿಸಿ ಕೊಡುತ್ತೇವೆ.

ಸೂಜಿ ಹಾಕಿದ ಕೈ ಊದಿದ ಹಾಗೆ ಕಾಣುತ್ತದೆ. ಬೆಳಿಗ್ಗೆವರೆಗೆ ಕಾಯಲಾ?

ಒಂದು ನಿಮಿಷವೂ ಕಾಯಬೇಡಿ. ಎರಡೂ ಕೈ ಪಕ್ಕದಲ್ಲಿಟ್ಟು ನೋಡಿ. ಒಂದು ಕೈ ದಪ್ಪ, ತಣ್ಣಗೆ, ಬಿಗಿಯಾಗಿದ್ದರೆ ಲೈನ್ ಔಟ್ ಆಗಿದೆ, ಅಂದರೆ ಸೂಜಿ ನರದಿಂದ ಹೊರಬಂದಿದೆ. ಕೆಂಪಾಗಿ ಬಿಸಿ ಇದ್ದರೆ ನರ ಬಾತಿದೆ. ಬರೀ ಸಲೈನ್ ಆಗಿದ್ದರೆ ಊತ ಇಳಿಯುತ್ತದೆ. ಪೊಟ್ಯಾಸಿಯಂ, ಕ್ಯಾಲ್ಸಿಯಂ, ಗಟ್ಟಿ ಗ್ಲೂಕೋಸ್ ಇದ್ದರೆ ಚರ್ಮ ಕಪ್ಪಾಗಿ ಕೊಳೆಯುವುದೂ ಉಂಟು. ಮಗು ಆಡದಿರಲಿ ಅಂತ ಬ್ಯಾಂಡೇಜನ್ನು ಗಟ್ಟಿಯಾಗಿ ಸುತ್ತಿ ಎಲ್ಲ ಮುಚ್ಚಿಬಿಡುವುದು ನಮ್ಮ ವಾರ್ಡ್‌ಗಳ ದೊಡ್ಡ ದೋಷ. ಸೂಜಿಯ ತುದಿಯ ಜಾಗ ಮತ್ತು ಬೆರಳುಗಳು ಕಾಣಬೇಕು. ನಾನಂತೂ ತಾಸಿಗೊಮ್ಮೆ ಬೆರಳು ಮುಟ್ಟಿ ನೋಡುತ್ತಿದ್ದೆ.

ಬಾಟಲಿಯಲ್ಲಿ ಯಾವ ದ್ರವ ಅನ್ನುವುದೂ ಮುಖ್ಯವಾ?

ಮುಖ್ಯ. ಮೊದಲು ಮಕ್ಕಳಿಗೆ ಅಂತಲೇ ಉಪ್ಪು ಕಡಿಮೆ ಇರುವ ದ್ರವ ಹಾಕುತ್ತಿದ್ದರು. ಕಾಯಿಲೆಯ ಮಗುವಿನ ಮೈ ನೀರು ಹಿಡಿದಿಟ್ಟುಕೊಂಡಾಗ ಅದರಿಂದ ರಕ್ತದ ಸೋಡಿಯಂ ಇಳಿದು ಮೆದುಳು ಊದುತ್ತದೆ. ತಲೆನೋವು, ವಾಂತಿ, ಮಂಪರು, ಕೊನೆಗೆ ಫಿಟ್ಸ್. 2018ರಲ್ಲಿ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ, 28 ದಿನ ದಾಟಿದ ಹೆಚ್ಚಿನ ಮಕ್ಕಳಿಗೆ ರಕ್ತದಷ್ಟೇ ಉಪ್ಪಿನಂಶ ಇರುವ ದ್ರವ ಕೊಡಬೇಕು, ಜೊತೆಗೆ ತಕ್ಕಷ್ಟು ಪೊಟ್ಯಾಸಿಯಂ ಮತ್ತು ಗ್ಲೂಕೋಸ್ ಇರಬೇಕು ಎಂದಿತು. ಡ್ರಿಪ್ ಮೇಲಿರುವ ಮಗು ಇದ್ದಕ್ಕಿದ್ದಂತೆ ಮಂಕಾದರೆ "ನಿದ್ದೆ ಬಂದಿದೆ" ಅಂತ ಬಿಡಬೇಡಿ.

ಸಿಸ್ಟರ್‌ಗಳಿಗೆ ಒಂದು ಮಾತು. ಪೊಟ್ಯಾಸಿಯಂ ಕ್ಲೋರೈಡ್ ಆಂಪ್ಯೂಲ್ ಎಂದೂ ನೇರ ನರಕ್ಕೆ ಹೋಗಬಾರದು, ಹೃದಯ ನಿಲ್ಲುತ್ತದೆ. ಬಾಟಲಿಗೆ ಹಾಕಿದ ಮೇಲೂ ತಲೆಕೆಳಗು ಮಾಡಿ ನಾಲ್ಕಾರು ಸಲ ತಿರುಗಿಸಿ. ಇಲ್ಲದಿದ್ದರೆ ಅದು ತಳದಲ್ಲೇ ಕೂತು ಮೊದಲ ತೊಟ್ಟುಗಳಲ್ಲೇ ಇಳಿಯುತ್ತದೆ.

ಡೆಂಗಿ ಅಂದರು. ಪ್ಲೇಟ್ಲೆಟ್ ಇಳಿದಿದೆ, ಡ್ರಿಪ್ ಜಾಸ್ತಿ ಮಾಡಬೇಡವಾ?

ಪ್ಲೇಟ್ಲೆಟ್ ಎಷ್ಟು ಅಂತ ಎಲ್ಲರೂ ಕೇಳುತ್ತಾರೆ. ಹೆಮಟೋಕ್ರಿಟ್, ಅಂದರೆ ರಕ್ತದಲ್ಲಿ ಕೆಂಪು ಕಣಗಳ ಪಾಲು, ಎಷ್ಟು ಅಂತ ಯಾರೂ ಕೇಳುವುದಿಲ್ಲ. ಡ್ರಿಪ್‌ನ ವೇಗ ನಿರ್ಧಾರವಾಗುವುದು ಅದರ ಮೇಲೆ, ನಾಡಿ, ಬಿಪಿ, ಮೂತ್ರದ ಮೇಲೆ. ಜ್ವರ ಇಳಿದ ಮೇಲಿನ 24ರಿಂದ 48 ತಾಸು ರಕ್ತನಾಳದಿಂದ ನೀರು ಸೋರುತ್ತದೆ. ಆಗ ಕಡಿಮೆ ಕೊಟ್ಟರೂ ಕಷ್ಟ, ಜಾಸ್ತಿ ಕೊಟ್ಟರೂ ಕಷ್ಟ. ಆಮೇಲೆ ಸೋರಿದ ನೀರು ತಾನಾಗಿ ರಕ್ತಕ್ಕೆ ವಾಪಸ್ಸು ಬರುತ್ತದೆ. ಆ ಹೊತ್ತಿಗೆ ಡಾಕ್ಟರು ಡ್ರಿಪ್ ನಿಲ್ಲಿಸಿದರೆ "ಪ್ಲೇಟ್ಲೆಟ್ ಇನ್ನೂ ಏರಿಲ್ಲ, ಯಾಕೆ ನಿಲ್ಲಿಸಿದಿರಿ" ಅಂತ ಜಗಳಕ್ಕೆ ಬರಬೇಡಿ. ನಿಲ್ಲಿಸುವುದೇ ಅಲ್ಲಿ ಚಿಕಿತ್ಸೆ.

ಡೈಪರ್ ಎಸೆಯಬೇಡಿ ಅನ್ನುತ್ತೀರಿ. ಅದನ್ನು ಇಟ್ಟುಕೊಂಡು ಏನು ಮಾಡುತ್ತೀರಿ?

ತೂಗುತ್ತೇವೆ. ಒದ್ದೆ ಡೈಪರ್‌ನ ತೂಕದಿಂದ ಒಣ ಡೈಪರ್‌ನ ತೂಕ ಕಳೆದರೆ ಒಂದು ಗ್ರಾಂಗೆ ಒಂದು ಮಿಲಿ ಮೂತ್ರ. ಕೆಜಿಗೆ ತಾಸಿಗೆ ಒಂದು ಮಿಲಿಯಾದರೂ ಹೋಗಬೇಕು. ಅಡುಗೆಮನೆಯ ಚಿಕ್ಕ ಡಿಜಿಟಲ್ ತಕ್ಕಡಿ ಸಾಕು. ನಾವು ಒಂದನ್ನು ಇದಕ್ಕೇ ಅಂತ ಇಟ್ಟಿದ್ದೆವು, ಮೇಲೆ "ಹಿಟ್ಟು ತೂಗಬೇಡಿ" ಅಂತ ಬರೆದ ಚೀಟಿ.

ದೊಡ್ಡಾಸ್ಪತ್ರೆಗೆ ಕಳಿಸುತ್ತಿದ್ದೀರಿ. ಆಂಬುಲೆನ್ಸ್‌ನಲ್ಲಿ ಡ್ರಿಪ್ ಯಾರು ನೋಡಿಕೊಳ್ಳುತ್ತಾರೆ?

ಒಳ್ಳೆಯ ಪ್ರಶ್ನೆ, ಕೇಳಲೇಬೇಕಾದದ್ದು. ನಮ್ಮ ಜಿಲ್ಲೆಗೆ ಒಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಅನ್ನುವ ಕೂಗು ವರ್ಷಗಳಿಂದ ಇದೆ. ಅಲ್ಲಿವರೆಗೆ ನಮ್ಮ ಮಕ್ಕಳು ಮಣಿಪಾಲ, ಮಂಗಳೂರು, ಹುಬ್ಬಳ್ಳಿ, ಗೋವಾದ ದಾರಿ ಹಿಡಿಯಬೇಕು. 2024ರ ಜುಲೈಯಲ್ಲಿ ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಬಂದ್ ಆದಾಗ ಈ ದಾರಿ ಎಷ್ಟು ಉದ್ದವಾಗಬಹುದು ಅಂತ ಎಲ್ಲರೂ ನೋಡಿದರು.

ದೇವಿಮನೆ ಘಾಟಿಯಲ್ಲೋ ಅರಬೈಲ್ ಘಾಟಿಯಲ್ಲೋ ಬಾಟಲಿ ತೂಗಾಡುತ್ತಿರುವಾಗ ತೊಟ್ಟು ಎಣಿಸುವುದು ಕಷ್ಟ. ಒಂದು ತಿರುವಿನಲ್ಲಿ ನಿಂತೇ ಹೋಗುತ್ತದೆ, ಇನ್ನೊಂದರಲ್ಲಿ ಓಡುತ್ತದೆ. ಆದ್ದರಿಂದ ಬ್ಯಾಟರಿ ತುಂಬಿದ ಸಿರಿಂಜ್ ಪಂಪ್, ಇಲ್ಲವೇ ಬ್ಯೂರೆಟ್‌ನಲ್ಲಿ ಅಳತೆಯಷ್ಟೇ ದ್ರವ. ಎರಡೂ ಆಗದಿದ್ದರೆ, ಡಾಕ್ಟರು ಒಪ್ಪಿದರೆ, ದಾರಿಯಲ್ಲಿ ಡ್ರಿಪ್ ಮುಚ್ಚಿ ಸೂಜಿ ಮಾತ್ರ ಇಟ್ಟುಕೊಂಡು ಹೋಗುವುದೇ ವಾಸಿ. ಹೊರಡುವ ಮೊದಲು ಒಂದು ಚೀಟಿ ಕೇಳಿ ಪಡೆಯಿರಿ. ಮಗುವಿನ ತೂಕ, ಯಾವ ದ್ರವ, ತಾಸಿಗೆ ಎಷ್ಟು, ಇಷ್ಟರತನಕ ಒಟ್ಟು ಎಷ್ಟು ಹೋಗಿದೆ, ಕೊನೇ ಸಲ ಮೂತ್ರ ಎಷ್ಟು ಹೊತ್ತಿಗೆ. ಅಲ್ಲಿನ ಡಾಕ್ಟರಿಗೆ ದಪ್ಪ ಫೈಲಿಗಿಂತ ಮೊದಲು ಬೇಕಾಗುವುದು ಇದೇ.

ಸೂಜಿ ತೆಗೆಯುವಾಗ ಮಗು ತುಂಬ ಕಿರುಚುತ್ತದೆ. ನೋವಾಗದ ಹಾಗೆ ತೆಗೆಯಲು ಬರುವುದಿಲ್ಲವಾ?

ಕಿರುಚುವುದು ಸೂಜಿಗಲ್ಲ, ಪ್ಲಾಸ್ಟರ್‌ಗೆ. ಅಂಚಿಗೆ ಸ್ವಲ್ಪ ಕೊಬ್ಬರಿ ಎಣ್ಣೆ ಹಚ್ಚಿ ಐದು ನಿಮಿಷ ಬಿಡಿ, ತಾನಾಗಿ ಏಳುತ್ತದೆ. ಎಣ್ಣೆ ಸೂಜಿಯ ಬಾಯಿಗೆ ತಾಗದಿರಲಿ. ತೆಗೆದ ಮೇಲೆ ಹತ್ತಿಯಿಂದ ಎರಡು ಮೂರು ನಿಮಿಷ ಒತ್ತಿ ಹಿಡಿಯಿರಿ, ಉಜ್ಜಬೇಡಿ. ಕೈಗೆ ಕಟ್ಟಿದ್ದ ರಟ್ಟಿನ ತುಂಡು ತನಗೇ ಬೇಕು ಅಂತ ಹಟ ಹಿಡಿಯುವವರೂ ಇದ್ದಾರೆ. ರಕ್ತ ಹತ್ತಿಲ್ಲದಿದ್ದರೆ ಕೊಟ್ಟುಬಿಡುತ್ತೇವೆ. ಹತ್ತಿದ್ದರೆ ಅಂಥದ್ದೇ ಹೊಸದೊಂದನ್ನು ಕತ್ತರಿಸಿ ಕೊಡುತ್ತೇವೆ.